ಪ್ರಗತಿ ವರದಿಯಲ್ಲಿ ಇರಬೇಕಾದದ್ದು ಉಳಿದ ಕೆಲಸದ ಲೆಕ್ಕ

ನಮ್ಮ ಕುಟುಂಬಗಳಲ್ಲಿ ಇಂದು ವರದಿ ಬರೆಯದವರು ವಿರಳ. ಬೆಂಗಳೂರಿನ ಕಂಪನಿಯಲ್ಲಿ ದುಡಿಯುವ ಮಗಳು ಪ್ರತಿ ವಾರಾಂತ್ಯದಲ್ಲಿ ತನ್ನ ಕೆಲಸದ ಸ್ಥಿತಿಗತಿಯನ್ನು ಮೇಲಧಿಕಾರಿಗೆ ಬರೆದು ತಿಳಿಸಬೇಕು. ಕೊಲ್ಲಿ ರಾಷ್ಟ್ರದಲ್ಲಿ ಕಟ್ಟಡ ಕಾಮಗಾರಿಯ ಮೇಲ್ವಿಚಾರಕನಾಗಿರುವ ಮಗನಿಗೆ ದಿನಕ್ಕೊಂದು ವರದಿ ತಪ್ಪಿದ್ದಲ್ಲ. ಊರಿನಲ್ಲಿರುವ ತಂದೆ ಚರ್ಚ್ ಪಾಲನಾ ಪರಿಷತ್ತಿನಲ್ಲೋ ಕಟ್ಟಡ ಸಮಿತಿಯಲ್ಲೋ ಕಾರ್ಯದರ್ಶಿಯಾಗಿದ್ದರೆ, ಭಾನುವಾರದ ಪೂಜೆಯ ಬಳಿಕ ಜನರ ಮುಂದೆ ನಿಂತು ಕಾಮಗಾರಿ ಎಲ್ಲಿಗೆ ಬಂತೆಂದು ಹೇಳುವ ಹೊಣೆ ಅವರದು. ತಾಯಿ ಸ್ವಸಹಾಯ ಸಂಘದ ಪದಾಧಿಕಾರಿಯಾಗಿದ್ದರೆ ಅವರಿಗೂ ಇದೇ ಹೊಣೆ ಉಂಟು.

ಈ ವರದಿಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತವೆ. "ಕಾಮಗಾರಿಯು ಭರದಿಂದ ಸಾಗುತ್ತಿದೆ, ಶೇಕಡಾ 90 ಭಾಗ ಮುಕ್ತಾಯಗೊಂಡಿದೆ, ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ಕೃತಜ್ಞತೆಗಳು." ಚಪ್ಪಾಳೆ ಬೀಳುತ್ತದೆ, ಸಭೆ ಮುಗಿಯುತ್ತದೆ. ಮನೆಗೆ ಮರಳುವ ದಾರಿಯಲ್ಲಿ ಯಾರಾದರೂ "ಹಾಗಾದರೆ ಉದ್ಘಾಟನೆ ಯಾವಾಗ? ಇನ್ನೆಷ್ಟು ಹಣ ಬೇಕು?" ಎಂದು ಕೇಳಿದರೆ, ವರದಿಯನ್ನು ಆಲಿಸಿದ ನೂರು ಮಂದಿಯಲ್ಲಿ ಒಬ್ಬರಿಗೂ ಉತ್ತರ ತಿಳಿದಿರುವುದಿಲ್ಲ.

ಪ್ರಗತಿ ವರದಿ ಎಂಬುದು ಅಭಿನಂದನಾ ಪತ್ರವಲ್ಲ. ಅದನ್ನು ಓದುವವರು ಯಾವುದಾದರೊಂದು ತೀರ್ಮಾನವನ್ನು ಕೈಗೊಳ್ಳಬೇಕಾಗಿರುತ್ತದೆ: ಇನ್ನಷ್ಟು ಹಣ ಕೊಡಬೇಕೇ, ಇನ್ನಿಬ್ಬರನ್ನು ನೇಮಿಸಬೇಕೇ, ದಿನಾಂಕವನ್ನು ಮುಂದೂಡಬೇಕೇ, ಕೆಲಸವನ್ನೇ ನಿಲ್ಲಿಸಬೇಕೇ ಎಂದು. ಮುಗಿದುಹೋದ ಕೆಲಸದ ಬಗ್ಗೆ ಯಾರೂ ಯಾವ ತೀರ್ಮಾನವನ್ನೂ ಮಾಡಬೇಕಾಗಿಲ್ಲ. ತೀರ್ಮಾನಗಳೆಲ್ಲವೂ ಉಳಿದ ಕೆಲಸಕ್ಕೆ ಸಂಬಂಧಿಸಿದವು. ಆದ್ದರಿಂದ ಉಳಿದ ಕೆಲಸ, ಉಳಿದ ದಿನ, ಉಳಿದ ಹಣ, ಉಳಿದ ಅಪಾಯ ಇವು ನಾಲ್ಕು ಸ್ಪಷ್ಟವಾಗಿ ಇರುವ ವರದಿ ಎಷ್ಟೇ ಚಿಕ್ಕದಾದರೂ ಪೂರ್ಣ. ಇವಿಲ್ಲದ ವರದಿ ಎಷ್ಟೇ ದೀರ್ಘವಾದರೂ ಅಪೂರ್ಣ. ಇವುಗಳಲ್ಲಿ ಒಂದೊಂದನ್ನೂ ನಮಗೆ ಪರಿಚಿತವಾದ ದೊಡ್ಡ ಕಾಮಗಾರಿಗಳ ಬೆಳಕಿನಲ್ಲಿ ನೋಡುವುದು ಉಚಿತ.

ಶೇಕಡಾವಾರಿನ ಮರೆಯಲ್ಲಿ ಒಂದು ಸುರಂಗ

ಮೊದಲನೆಯ ಉದಾಹರಣೆ ನಮ್ಮ ಕರಾವಳಿಯದೇ. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಜಾರ್ಜ್ ಫೆರ್ನಾಂಡಿಸ್ ಅವರು ರೈಲ್ವೆ ಸಚಿವರಾಗಿದ್ದ ಕಾಲದಲ್ಲಿ, 1990ರ ಜುಲೈ ತಿಂಗಳಲ್ಲಿ, ಕೊಂಕಣ ರೈಲ್ವೆ ನಿಗಮವು ಸ್ಥಾಪನೆಯಾಯಿತು. ಇ. ಶ್ರೀಧರನ್ ಅವರು ಅದರ ಮುಖ್ಯಸ್ಥರಾದರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನವರೆಗೆ ಸುಮಾರು 760 ಕಿಲೋಮೀಟರ್ ಉದ್ದದ ಹಾದಿ. ಬೆಟ್ಟ, ಹೊಳೆ, ಕಣಿವೆಗಳ ನಡುವೆ 90ಕ್ಕೂ ಹೆಚ್ಚು ಸುರಂಗಗಳು. 1993ರ ಮಾರ್ಚ್‌ನಲ್ಲಿಯೇ ಮಂಗಳೂರು–ಉಡುಪಿ ನಡುವೆ ರೈಲು ಓಡಾಡತೊಡಗಿತು. ಮುಂದಿನ ವರ್ಷಗಳಲ್ಲಿ ಒಂದೊಂದೇ ಭಾಗವು ಸಂಚಾರಕ್ಕೆ ತೆರೆದುಕೊಂಡಿತು.

ಕೊನೆಯ ಘಟ್ಟದಲ್ಲಿ ಯಾರಾದರೂ ಈ ಕಾಮಗಾರಿಯನ್ನು ಶೇಕಡಾವಾರು ಲೆಕ್ಕದಲ್ಲಿ ಅಳೆದಿದ್ದರೆ ಉತ್ತರವು ನೂರಕ್ಕೆ ತೀರಾ ಸಮೀಪವಿರುತ್ತಿತ್ತು. ಆದರೆ ಗೋವೆಯ ಪೆರ್ನೆಮ್‌ನಲ್ಲಿ ಒಂದು ಸುರಂಗ ಉಳಿದಿತ್ತು. ಉದ್ದ ಹೆಚ್ಚೆಂದರೆ ಒಂದೂವರೆ ಕಿಲೋಮೀಟರ್. ಅಲ್ಲಿನ ನೆಲವು ಗಟ್ಟಿ ಬಂಡೆಯಲ್ಲ; ನೀರು ಕುಡಿದ ಮೆತ್ತನೆಯ ಜೇಡಿಮಣ್ಣು. ಅಗೆದಷ್ಟೂ ಕುಸಿಯುತ್ತಿತ್ತು. ಕುಸಿತದಲ್ಲಿ ಕಾರ್ಮಿಕರ ಪ್ರಾಣಹಾನಿಯೂ ಆಯಿತು. ಆ ಒಂದೂವರೆ ಕಿಲೋಮೀಟರ್ ತೆರೆದುಕೊಳ್ಳುವವರೆಗೆ ಮುಂಬಯಿಗೂ ಮಂಗಳೂರಿಗೂ ನಡುವೆ ನೇರ ರೈಲು ಓಡುವಂತಿರಲಿಲ್ಲ. ಕೊನೆಗೆ 1998ರ ಜನವರಿ 26ರಂದು ಇಡೀ ಮಾರ್ಗವು ಸಂಚಾರಕ್ಕೆ ಮುಕ್ತವಾಯಿತು.

ಶೇಕಡಾವಾರು ಲೆಕ್ಕವು ಸುಳ್ಳು ಹೇಳುವುದಿಲ್ಲ. ಆದರೆ ಹೇಳಬೇಕಾದುದನ್ನು ಮುಚ್ಚಿಡುತ್ತದೆ. ಉಳಿದ ಹತ್ತರಲ್ಲಿ ಇರುವುದು ಸುಣ್ಣ ಬಳಿಯುವ ಕೆಲಸವೋ ಪೆರ್ನೆಮ್‌ನ ಸುರಂಗವೋ ಎಂಬುದನ್ನು ಅದು ತಿಳಿಸುವುದಿಲ್ಲ. ಸುಲಭವಾದ ಕೆಲಸವನ್ನು ಮೊದಲು ಮುಗಿಸಿ ಕಠಿಣವಾದುದನ್ನು ಕೊನೆಗೆ ಇಟ್ಟುಕೊಳ್ಳುವುದು ಮನುಷ್ಯ ಸ್ವಭಾವ. ಹೀಗಾಗಿ "ಶೇಕಡಾ 90 ಮುಗಿದಿದೆ" ಎಂಬ ಮಾತಿನ ಬದಲಿಗೆ ಉಳಿದ ಕೆಲಸಗಳ ಹೆಸರುಗಳನ್ನು ಬರೆಯಬೇಕು. ಅವುಗಳಲ್ಲಿ ಯಾವುದು ನಿಂತರೆ ಮಿಕ್ಕದ್ದೆಲ್ಲವೂ ನಿಲ್ಲುತ್ತದೋ ಅದನ್ನು ಎಲ್ಲಕ್ಕಿಂತ ಮೇಲೆ ಬರೆಯಬೇಕು. ಮುಗಿದದ್ದು ಎಂದು ಬರೆಯುವಾಗಲೂ ಇನ್ನೊಬ್ಬರು ಬಂದು ಕಣ್ಣಾರೆ ನೋಡಿ ಒಪ್ಪುವಂತೆ ಬರೆಯಬೇಕು. "ತಾರಸಿ ಕೆಲಸ ನಡೆಯುತ್ತಿದೆ" ಎನ್ನುವುದಕ್ಕಿಂತ "ತಾರಸಿಗೆ ಕಾಂಕ್ರೀಟು ಹಾಕಿಯಾಗಿದೆ, ಸೆಂಟ್ರಿಂಗ್ ಇನ್ನೂ ಬಿಚ್ಚಿಲ್ಲ" ಎಂಬ ಮಾತು ಮೇಲು.

ಹಳೆಯ ದಿನಾಂಕವನ್ನು ಅಳಿಸಬಾರದು

ಕೊಂಕಣ ರೈಲ್ವೆಯ ಬಳಿಕ ಶ್ರೀಧರನ್ ಅವರು ದೆಹಲಿ ಮೆಟ್ರೋದ ಹೊಣೆ ಹೊತ್ತರು. ಅಲ್ಲಿನ ಕಾಮಗಾರಿಯ ತಾಣಗಳಲ್ಲಿ ಹಿಮ್ಮುಖವಾಗಿ ಎಣಿಸುವ ಫಲಕಗಳನ್ನು ಇರಿಸಿದ್ದು ಪ್ರಸಿದ್ಧ ಸಂಗತಿ. ಕೆಲಸ ಆರಂಭವಾಗಿ ಎಷ್ಟು ದಿನ ಕಳೆಯಿತೆಂಬುದನ್ನು ಆ ಫಲಕಗಳು ತೋರಿಸುತ್ತಿರಲಿಲ್ಲ. ಗಡುವಿಗೆ ಎಷ್ಟು ದಿನ ಉಳಿದಿದೆ ಎಂಬುದನ್ನು ತೋರಿಸುತ್ತಿದ್ದವು. ಬೆಳಿಗ್ಗೆ ಕೆಲಸಕ್ಕೆ ಬರುವ ಇಂಜಿನಿಯರನೂ ಕೂಲಿಯಾಳೂ ಒಂದೇ ಅಂಕಿಯನ್ನು ನೋಡುತ್ತಿದ್ದರು, ಆ ಅಂಕಿ ನಿನ್ನೆಗಿಂತ ಒಂದು ಕಡಿಮೆ. ದೆಹಲಿ ಮೆಟ್ರೋದ ಮೊದಲ ಭಾಗವು 2002ರ ಡಿಸೆಂಬರ್‌ನಲ್ಲಿ ಸಂಚಾರ ಆರಂಭಿಸಿತು. ಸಾರ್ವಜನಿಕ ಕಾಮಗಾರಿ ಎಂದರೆ ವಿಳಂಬವೇ ಎಂದು ನಂಬಿದ್ದ ದೇಶಕ್ಕೆ ಅದೊಂದು ಹೊಸ ಅನುಭವವಾಯಿತು.

ವರದಿಯಲ್ಲಿ ದಿನಾಂಕವನ್ನು ಬರೆಯುವ ಕ್ರಮ ಹೀಗಿರಬೇಕು: ಆರಂಭದಲ್ಲಿ ಒಪ್ಪಿದ ದಿನಾಂಕ, ಕಳೆದ ವರದಿಯಲ್ಲಿ ಹೇಳಿದ ದಿನಾಂಕ, ಇಂದಿನ ಅಂದಾಜಿನ ದಿನಾಂಕ, ಮೂರನ್ನೂ ಒಂದೇ ಸಾಲಿನಲ್ಲಿ ಕಾಣಿಸಬೇಕು. ಬಹಳಷ್ಟು ಕಾರ್ಯದರ್ಶಿಗಳು ಹೊಸ ದಿನಾಂಕವನ್ನು ಮಾತ್ರ ಬರೆದು ಹಳೆಯದನ್ನು ಮೌನವಾಗಿ ಮರೆಯುತ್ತಾರೆ. ತಿಂಗಳಿಗೆ ಎರಡು ವಾರದಂತೆ ಗಡುವು ಜಾರಿದರೆ ಯಾರ ಗಮನಕ್ಕೂ ಬರುವುದಿಲ್ಲ. ವರ್ಷ ಕಳೆದ ಮೇಲೆ ನೋಡಿದರೆ ಆರು ತಿಂಗಳು ಕೈತಪ್ಪಿರುತ್ತದೆ. ಹಳೆಯ ದಿನಾಂಕವು ಪಕ್ಕದಲ್ಲೇ ಇದ್ದರೆ ಓದುವವರ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. ಜಾರಿದ್ದಕ್ಕೆ ಒಂದು ವಾಕ್ಯದ ಕಾರಣ ಸಾಕು. ಮಳೆಯೋ, ಮರಳಿನ ಅಭಾವವೋ, ಪರವಾನಗಿಯೋ, ಸ್ವಂತ ಲೆಕ್ಕದ ತಪ್ಪೋ, ಏನಿದ್ದರೂ ಸರಿ, ನಿಜವಾದ ಕಾರಣ ಇರಲಿ.

ದಾನಿಗಳ ಹಣ

ಹಣದ ವಿಷಯಕ್ಕೆ ಬಂದರೆ, ಇತ್ತೀಚಿನ ಕಾಲದ ಅತಿ ದೊಡ್ಡ ಉದಾಹರಣೆ ಪ್ಯಾರಿಸ್ ನಗರದ ನೋತ್ರ್ ದಾಮ್ ಮಹಾದೇವಾಲಯದ ಪುನರ್ನಿರ್ಮಾಣ. 2019ರ ಏಪ್ರಿಲ್ 15ರ ಸಂಜೆ ಅದರ ಛಾವಣಿಗೆ ಬೆಂಕಿ ತಗುಲಿ, ಎತ್ತರದ ಗೋಪುರಶಿಖರವು ಕುಸಿದು ಬಿದ್ದ ದೃಶ್ಯವನ್ನು ಜಗತ್ತೇ ದೂರದರ್ಶನದಲ್ಲಿ ನೋಡಿತು. ಐದು ವರ್ಷಗಳಲ್ಲಿ ಮತ್ತೆ ಕಟ್ಟುವೆವೆಂದು ಫ್ರಾನ್ಸಿನ ಅಧ್ಯಕ್ಷರು ಮರುದಿನವೇ ಘೋಷಿಸಿದರು. ಸುಮಾರು 150 ರಾಷ್ಟ್ರಗಳ 3 ಲಕ್ಷದ 40 ಸಾವಿರ ದಾನಿಗಳಿಂದ ಸುಮಾರು 84 ಕೋಟಿ 60 ಲಕ್ಷ ಯೂರೋ ಹರಿದುಬಂತು. ಕೋಟ್ಯಧಿಪತಿಗಳೂ ಇದ್ದರು, ಹತ್ತಿಪ್ಪತ್ತು ಯೂರೋ ಕೊಟ್ಟ ಬಡವರೂ ಇದ್ದರು.

ಇಷ್ಟು ಮಂದಿಗೆ ಲೆಕ್ಕ ಒಪ್ಪಿಸುವುದು ಹೇಗೆ? ಫ್ರಾನ್ಸಿನ ಸಂಸತ್ತು 2019ರ ಜುಲೈಯಲ್ಲಿ ಒಂದು ಕಾನೂನನ್ನೇ ಮಾಡಿ, ಈ ಹಣವನ್ನು ದೇವಾಲಯದ ರಕ್ಷಣೆ, ಪುನರ್ನಿರ್ಮಾಣ ಮತ್ತು ಅದಕ್ಕೆ ಬೇಕಾದ ಕುಶಲಕರ್ಮಿಗಳ ತರಬೇತಿಗೆ ಮಾತ್ರ ಬಳಸಬೇಕೆಂದು ವಿಧಿಸಿತು. ಆ ದೇಶದ ಲೆಕ್ಕ ಪರಿಶೋಧನಾ ನ್ಯಾಯಮಂಡಳಿಯು ಕೆಲಸ ಮುಗಿಯುವುದನ್ನು ಕಾಯದೆ, 2020ರಲ್ಲಿ ಮತ್ತು 2022ರಲ್ಲಿ, ಕಾಮಗಾರಿಯ ನಡುವಿನಲ್ಲಿಯೇ ಪರಿಶೀಲನೆ ನಡೆಸಿ ಬಹಿರಂಗ ವರದಿಗಳನ್ನು ಪ್ರಕಟಿಸಿತು. ಖರ್ಚನ್ನು ಒಟ್ಟು ಮೊತ್ತದಲ್ಲಿ ಹೇಳದೆ ಹಂತ ಹಂತವಾಗಿ ವಿಂಗಡಿಸಲಾಯಿತು. ಕಟ್ಟಡವು ಮತ್ತಷ್ಟು ಕುಸಿಯದಂತೆ ಭದ್ರಪಡಿಸುವ ಮೊದಲ ಹಂತಕ್ಕೆ ಸುಮಾರು 15 ಕೋಟಿ ಯೂರೋ, ಪುನರ್ನಿರ್ಮಾಣದ ಹಂತಕ್ಕೆ ಸುಮಾರು 55 ಕೋಟಿ ಯೂರೋ. ಉಳಿದದ್ದು ಹೊರಭಾಗದ ಕಲ್ಲಿನ ದುರಸ್ತಿಗೆ. 2024ರ ಡಿಸೆಂಬರ್‌ನಲ್ಲಿ ದೇವಾಲಯವು ಪುನಃ ತೆರೆದಾಗ ಕೆಲಸವೆಲ್ಲವೂ ಮುಗಿಯಿತೆಂದು ಯಾರೂ ಹೇಳಲಿಲ್ಲ. ಹೊರಭಾಗದ ಕೆಲಸ ಬಾಕಿ ಇದೆ, ಅದಕ್ಕೆ ಇಷ್ಟು ಹಣ ಕೈಯಲ್ಲಿದೆ ಎಂಬುದನ್ನು ಹೇಳಿಯೇ ಬಾಗಿಲು ತೆರೆದರು.

ವಿಳಂಬಗಳನ್ನೂ ಮುಚ್ಚಿಡಲಿಲ್ಲ. ಸುಟ್ಟ ಛಾವಣಿಯ ಸೀಸದ ಧೂಳು ಕೆಲಸಗಾರರಿಗೆ ಅಪಾಯಕಾರಿಯೆಂದು 2019ರ ಜುಲೈ ಕೊನೆಯಿಂದ ಕೆಲವು ವಾರ ಕೆಲಸ ನಿಂತಿತು. ಕೊರೊನಾ ಸೋಂಕಿನಿಂದಾಗಿ 2020ರ ಮಾರ್ಚ್‌ನಲ್ಲಿ ಮತ್ತೊಮ್ಮೆ ನಿಂತಿತು. ಬೆಂಕಿಯ ಮೊದಲೇ ದುರಸ್ತಿಗಾಗಿ ನಿಲ್ಲಿಸಿದ್ದ ಉಕ್ಕಿನ ಅಟ್ಟಣೆಯ ಸುಮಾರು 40 ಸಾವಿರ ಕೊಳವೆಗಳು ಉರಿಗೆ ಬೆಸೆದುಹೋಗಿದ್ದವು. ಅವನ್ನು ಕತ್ತರಿಸಿ ಕೆಳಗಿಳಿಸುವ ಕೆಲಸ 2020ರ ನವೆಂಬರ್‌ವರೆಗೆ ನಡೆಯಿತು. ಇವೆಲ್ಲವೂ ಆಗಾಗಲೇ ಸಾರ್ವಜನಿಕರಿಗೆ ತಿಳಿದಿದ್ದವು. ದಾನಿಗಳ ವಿಶ್ವಾಸಕ್ಕೆ ಅದರಿಂದ ಧಕ್ಕೆಯಾಗಲಿಲ್ಲ.

ನಮ್ಮ ಊರಿನ ಸಭಾಭವನದ ಲೆಕ್ಕವು ಕೋಟಿಗಳಲ್ಲಿ ಇರಲಾರದು. ಆದರೂ ಕ್ರಮ ಇದೇ. ಬಂದ ಹಣ, ಖರ್ಚಾದ ಹಣ ಎಂಬ ಎರಡು ಸಾಲುಗಳು ಸಾಲವು. ವಾಗ್ದಾನವಾಗಿ ಇನ್ನೂ ಕೈಸೇರದ ಹಣವೆಷ್ಟು, ಕೆಲಸ ಮುಗಿದೂ ಗುತ್ತಿಗೆದಾರರಿಗೆ ಕೊಡದ ಬಾಕಿ ಎಷ್ಟು, ಉಳಿದ ಕೆಲಸಕ್ಕೆ ಇಂದಿನ ದರದಲ್ಲಿ ಬೇಕಾಗುವುದೆಷ್ಟು ಎಂಬ ಮೂರು ಸಾಲುಗಳು ಸೇರಿದಾಗಲೇ ಚಿತ್ರ ಪೂರ್ಣವಾಗುತ್ತದೆ. ಬ್ಯಾಂಕಿನಲ್ಲಿ ಹತ್ತು ಲಕ್ಷ ಇದೆಯೆಂದು ಹೇಳಿ, ಕೊಡಬೇಕಾದ ಬಿಲ್ಲು ಹನ್ನೆರಡು ಲಕ್ಷವೆಂಬುದನ್ನು ಹೇಳದಿದ್ದರೆ, ಹೇಳಿದ ಮಾತು ನಿಜವಾದರೂ ಕೇಳಿದವರು ಮೋಸಹೋದರು.

ಅಪಾಯವನ್ನು ಕಾಗದದಿಂದ ಅಳಿಸಿದಾಗ

ಇನ್ನು ಕೊನೆಯದು, ಅತ್ಯಂತ ಗಂಭೀರವಾದದ್ದು: ಉಳಿದ ಅಪಾಯ. ಇದನ್ನು ವರದಿಯಲ್ಲಿ ಸರಿಯಾಗಿ ಕಾಣಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾದ ಎರಡು ದುರಂತಗಳು ಸಾಕ್ಷಿ.

1986ರ ಜನವರಿ 28ರಂದು 'ಚಾಲೆಂಜರ್' ನೌಕೆಯು ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ, ಅದರಲ್ಲಿದ್ದ ಏಳು ಮಂದಿಯೂ ಮಡಿದರು. ನೌಕೆಯ ಪಕ್ಕದ ರಾಕೆಟ್ಟಿನ ಭಾಗಗಳು ಕೂಡುವೆಡೆಯಲ್ಲಿ ಬಿಸಿ ಅನಿಲ ಹೊರನುಗ್ಗದಂತೆ ತಡೆಯುವ ರಬ್ಬರಿನ ಬಳೆಗಳಿದ್ದವು. ಚಳಿಯಲ್ಲಿ ರಬ್ಬರು ಪೆಡಸಾಗುತ್ತದೆ. ಹಿಂದಿನ ಹಾರಾಟಗಳಲ್ಲಿಯೂ ಈ ಬಳೆಗಳು ಸುಟ್ಟ ಗುರುತುಗಳು ಕಂಡಿದ್ದವು. ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಇಂಜಿನಿಯರ್ ರೋಜರ್ ಬೋಷೊಲಿ ಅವರು 1985ರ ಜುಲೈ 31ರಂದು ಮೇಲಧಿಕಾರಿಗೆ ಪತ್ರ ಬರೆದು, ಇದು ಪ್ರಾಣಹಾನಿಗೆ ಕಾರಣವಾಗುವ ದೋಷವೆಂದು ಎಚ್ಚರಿಸಿದರು. ಅದನ್ನು ಸರಿಪಡಿಸಲು ತಂಡವೊಂದು ರಚನೆಯಾಯಿತು. ಆದರೆ ಆ ತಂಡಕ್ಕೆ ಜನರೂ ಇಲ್ಲ, ಬೆಂಬಲವೂ ಇಲ್ಲ. ಅಕ್ಟೋಬರ್‌ನಲ್ಲಿ ಅದೇ ಕಂಪನಿಯ ಬಾಬ್ ಎಬೆಲಿಂಗ್ ಅವರು ತಂಡದ ಸ್ಥಿತಿಯನ್ನು ತಿಳಿಸುತ್ತ ಬರೆದ ಪತ್ರದ ಮೊದಲ ಪದವೇ "ಕಾಪಾಡಿ!" ಎಂಬುದಾಗಿತ್ತು. ತಂಡದ ಕೆಲಸಕ್ಕೆ ಎಲ್ಲ ಬಗೆಯಿಂದಲೂ ಅಡ್ಡಿಯಾಗುತ್ತಿದೆ ಎಂಬುದು ಅವರ ದೂರು.

ಇತ್ತ ನಾಸಾದಲ್ಲಿ ಬಾಕಿ ಸಮಸ್ಯೆಗಳನ್ನು ದಾಖಲಿಸುವ ಪಟ್ಟಿಯೊಂದಿತ್ತು. ರಬ್ಬರ್ ಬಳೆಯ ಸಮಸ್ಯೆಯೂ ಆ ಪಟ್ಟಿಯಲ್ಲಿತ್ತು. ದುರಂತಕ್ಕೆ ಐದೇ ದಿನ ಮೊದಲು, ಜನವರಿ 23ರಂದು, ಆ ಸಮಸ್ಯೆಯು ಮುಕ್ತಾಯಗೊಂಡಿತೆಂಬ ನಮೂದು ಅದರಲ್ಲಿ ಸೇರಿತು. ಬಳೆ ಬದಲಾಗಿರಲಿಲ್ಲ, ಜೋಡಣೆ ಬದಲಾಗಿರಲಿಲ್ಲ. ಬದಲಾದದ್ದು ಕಾಗದ ಮಾತ್ರ. ಹಿಂದಿನ ರಾತ್ರಿ ಇಂಜಿನಿಯರರು ಚಳಿಯ ಕಾರಣಕ್ಕೆ ಉಡಾವಣೆ ಬೇಡವೆಂದು ದೂರವಾಣಿಯಲ್ಲಿ ವಾದಿಸಿದರು. ಅವರ ಮಾತನ್ನು ಅವರ ಆಡಳಿತವೇ ತಳ್ಳಿಹಾಕಿತು. ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರು ಆ ಬಳಿಕ ಒಂದು ಸಂಗತಿಯನ್ನು ಬಯಲಿಗೆಳೆದರು. ನೌಕೆ ನಾಶವಾಗುವ ಸಂಭವವನ್ನು ಕೆಲಸಗಾರ ಇಂಜಿನಿಯರರು ನೂರರಲ್ಲಿ ಒಂದರಷ್ಟೆಂದು ಅಂದಾಜಿಸಿದರೆ, ಆಡಳಿತದವರು ಲಕ್ಷದಲ್ಲಿ ಒಂದೆಂದು ನಂಬಿದ್ದರು. ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಏರುವಷ್ಟರಲ್ಲಿ ಅಪಾಯವು ಸಾವಿರ ಪಟ್ಟು ಕಿರಿದಾಗಿತ್ತು.

ಹದಿನೇಳು ವರ್ಷಗಳ ಬಳಿಕ, 2003ರಲ್ಲಿ, 'ಕೊಲಂಬಿಯಾ' ನೌಕೆಯ ಸರದಿ. ಭಾರತದಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ ಅದರಲ್ಲಿದ್ದರು. ಮೇಲೇರುವಾಗ ಇಂಧನ ತೊಟ್ಟಿಯಿಂದ ಕಳಚಿದ ನೊರೆಯ ತುಂಡೊಂದು ಎಡ ರೆಕ್ಕೆಗೆ ಬಡಿದಿತ್ತು. ನೌಕೆ ಬಾಹ್ಯಾಕಾಶದಲ್ಲಿದ್ದಾಗಲೇ ಅದರ ಪರಿಣಾಮದ ಬಗ್ಗೆ ಅಧಿಕಾರಿಗಳ ಮುಂದೆ ವರದಿ ಮಂಡನೆಯಾಯಿತು. ಅದರ ಒಂದು ಪುಟದ ತಲೆಬರಹವು ಭರವಸೆ ಹುಟ್ಟಿಸುವಂತಿತ್ತು. ಹಿಂದಿನ ಪ್ರಯೋಗಗಳಲ್ಲಿ ಬಳಸಿದ ತುಂಡಿಗಿಂತ ನಿಜವಾಗಿ ಬಡಿದ ತುಂಡು ನೂರಾರು ಪಟ್ಟು ದೊಡ್ಡದೆಂಬ ಮಾತು ಅದೇ ಪುಟದ ತಳದಲ್ಲಿ ಸಣ್ಣ ಅಕ್ಷರಗಳ ಸಾಲಿನಲ್ಲಿತ್ತು. ಮೇಲಿನವರು ತಲೆಬರಹವನ್ನು ಓದಿದರು. ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆ ಉರಿದು ಚೂರಾಯಿತು. ಆ ಪುಟವನ್ನು ಬರೆದ ರೀತಿಯನ್ನು ತನಿಖಾ ಮಂಡಳಿಯು ತನ್ನ ವರದಿಯಲ್ಲಿ ಹೆಸರಿಸಿ ಟೀಕಿಸಿತು.

ಇಲ್ಲಿ ಕಲಿಯಬೇಕಾದ ಪಾಠಗಳು ಎರಡು. ಸಮಸ್ಯೆಯು ನಿಜವಾಗಿ ಪರಿಹಾರವಾಗುವವರೆಗೆ ವರದಿಯಿಂದ ಅದರ ಹೆಸರನ್ನು ತೆಗೆಯಬಾರದು; ಪ್ರತಿ ತಿಂಗಳು ಅದನ್ನೇ ಬರೆಯುವುದು ಬೇಸರವೆನಿಸಿದರೂ ಬರೆಯಲೇಬೇಕು. ಹಾಗೆಯೇ, ಅತಿ ಮುಖ್ಯವಾದ ಅಪಾಯವು ವರದಿಯ ಮೊದಲ ಸಾಲಿನಲ್ಲಿ ಇರಬೇಕು. ಕೊನೆಯ ಸಾಲಿನಲ್ಲಿ ಸತ್ಯವನ್ನು ಬರೆದು "ನಾನು ತಿಳಿಸಿದ್ದೆ" ಎಂದು ಕೈತೊಳೆದುಕೊಳ್ಳುವುದು ವರದಿಗಾರನ ರಕ್ಷಣೆಗೆ ಒದಗಬಹುದು, ಕೆಲಸದ ರಕ್ಷಣೆಗೆ ಒದಗದು.

ಒಂದು ಪುಟದ ಮಾದರಿ

ಹಾಗಾದರೆ ವರದಿ ಹೇಗಿರಬೇಕು? ಒಂದು ಊರಿನ ಸಭಾಭವನದ ಕಾಮಗಾರಿ ಎಂದು ಭಾವಿಸಿಕೊಂಡು, ಅದರ ಕಾರ್ಯದರ್ಶಿಯು ಜನರ ಮುಂದೆ ಓದಬಹುದಾದ ವರದಿಯನ್ನು ಹೀಗೆ ಊಹಿಸೋಣ:

"ಮೇ 15ಕ್ಕೆ ನಿಶ್ಚಯಿಸಿದ್ದ ಉದ್ಘಾಟನೆ ಆ ದಿನ ಸಾಧ್ಯವಾಗಲಾರದು, ಇಂದಿನ ಅಂದಾಜು ಜೂನ್ 30. ಕಳೆದ ತಿಂಗಳು ನಾವು ಮೇ 31 ಎಂದಿದ್ದೆವು. ಕಾರಣ, ಕಿಟಕಿ ಬಾಗಿಲುಗಳ ಮರ ಬರುವುದು ತಡವಾಯಿತು. ಈ ತಿಂಗಳು ಒಳಗೋಡೆಗಳ ಗಾರೆ ಮತ್ತು ವಯರಿಂಗ್ ಮುಗಿದಿವೆ. ಉಳಿದದ್ದು ನೆಲದ ಟೈಲ್ಸ್, ಕಿಟಕಿ ಬಾಗಿಲು, ಶೌಚಾಲಯ ಮತ್ತು ವಿದ್ಯುತ್ ಸಂಪರ್ಕ. ಕೈಯಲ್ಲಿರುವ ಹಣ 6 ಲಕ್ಷ, ಕೊಡಬೇಕಾದ ಬಿಲ್ಲು 4 ಲಕ್ಷ, ಉಳಿದ ಕೆಲಸಕ್ಕೆ ಬೇಕಾದದ್ದು 9 ಲಕ್ಷ. ಒಟ್ಟು ಕೊರತೆ 7 ಲಕ್ಷ. ಮಳೆಗಾಲದ ಮೊದಲು ಹಿಂಬದಿಯ ಧರೆಗೆ ತಡೆಗೋಡೆ ಕಟ್ಟದಿದ್ದರೆ ಮಣ್ಣು ಕುಸಿಯುವ ಭಯವಿದೆ. ಇದು ಮೂರನೆಯ ಬಾರಿಗೆ ಹೇಳುತ್ತಿರುವ ಮಾತು. ಈ ಭಾನುವಾರ ತಾವು ತೀರ್ಮಾನಿಸಬೇಕಾದದ್ದು ಒಂದೇ: ಟೈಲ್ಸ್ ಕೆಲಸವನ್ನು ಮುಂದಕ್ಕೆ ಹಾಕಿ ಆ ಹಣದಲ್ಲಿ ತಡೆಗೋಡೆ ಕಟ್ಟಲು ಒಪ್ಪಿಗೆ ಇದೆಯೇ?"

ಓದಲು ಎರಡು ನಿಮಿಷವೂ ಬೇಡ. ಆದರೆ ಕೇಳಿದ ಪ್ರತಿಯೊಬ್ಬರಿಗೂ ಕಾಮಗಾರಿಯ ನಿಜಸ್ಥಿತಿ ಅರಿವಾಗುತ್ತದೆ. ಕೊನೆಯ ವಾಕ್ಯವನ್ನು ಗಮನಿಸಬೇಕು. ಯಾರು, ಯಾವ ದಿನದೊಳಗೆ, ಏನನ್ನು ತೀರ್ಮಾನಿಸಬೇಕು ಎಂಬುದನ್ನು ಬಿಡಿಸಿ ಕೇಳದ ವರದಿಯು ಬಾಗಿಲವರೆಗೆ ಬಂದು ಕದ ತಟ್ಟದೆ ಹಿಂದಿರುಗಿದ ಅತಿಥಿಯಂತೆ. ಕಂಪನಿಯ ಮೇಲಧಿಕಾರಿಗೆ ಬರೆಯುವಾಗಲೂ ಇದೇ ನಿಯಮ. "ಸರ್ವರ್ ಸಮಸ್ಯೆ ಇದೆ" ಎಂದು ಬರೆದರೆ ಓದುವವರು ತಲೆಯಾಡಿಸಿ ಸುಮ್ಮನಾಗುತ್ತಾರೆ; "ಬುಧವಾರದೊಳಗೆ ಹೊಸ ಸರ್ವರಿಗೆ ತಮ್ಮ ಅನುಮತಿ ಸಿಗದಿದ್ದರೆ ಕೆಲಸ ಒಂದು ವಾರ ಹಿಂದೆ ಬೀಳುತ್ತದೆ" ಎಂದು ಬರೆದರೆ ಸಹಿ ಬೀಳುತ್ತದೆ.

ಕೃತಜ್ಞತೆ ಸಲ್ಲಿಸಬಾರದೆಂದು ಇದರ ಅರ್ಥವಲ್ಲ. ನೋತ್ರ್ ದಾಮ್‌ನ ಶಿಖರದ ಮೇಲೆ 2023ರ ಡಿಸೆಂಬರ್‌ನಲ್ಲಿ ಏರಿಸಿದ ಚಿನ್ನದ ಬಣ್ಣದ ಹುಂಜದ ಒಡಲೊಳಗೆ, ಪುನರ್ನಿರ್ಮಾಣದಲ್ಲಿ ದುಡಿದ ಸುಮಾರು 2,000 ಮಂದಿಯ ಹೆಸರುಗಳ ಪಟ್ಟಿಯನ್ನು ಇರಿಸಲಾಗಿದೆ. ಕೃತಜ್ಞತೆಗೆ ಅದಕ್ಕಿಂತ ಎತ್ತರದ ಸ್ಥಾನ ಇರಲಾರದು. ಆದರೆ ಹೆಸರುಗಳ ಪಟ್ಟಿ ಬೇರೆ, ಲೆಕ್ಕದ ಪುಸ್ತಕ ಬೇರೆ ಎಂಬುದನ್ನು ಆ ಕಾಮಗಾರಿಯವರು ಬಲ್ಲವರಾಗಿದ್ದರು.

ಕೇಳುವವರ ಹೊಣೆ

ವರದಿ ಬರೆಯುವವರಿಗೆ ಇಷ್ಟು ಹೇಳಿದ ಮೇಲೆ ಕೇಳುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಿಜವನ್ನು ಬರೆದ ಕಾರ್ಯದರ್ಶಿಯನ್ನು ತುಂಬಿದ ಸಭೆಯಲ್ಲಿ ತರಾಟೆಗೆ ತೆಗೆದುಕೊಂಡರೆ ಮುಂದಿನ ತಿಂಗಳು ಆತನು "ಭರದಿಂದ ಸಾಗುತ್ತಿದೆ" ಎಂದೇ ಬರೆಯುತ್ತಾನೆ. ಕೊರತೆಯನ್ನು ತೋಡಿಕೊಂಡ ಕೆಲಸಗಾರನನ್ನು ಅಸಮರ್ಥನೆಂದು ಬಗೆಯುವ ಅಧಿಕಾರಿಗೆ ಮುಂದೆ ಸಿಹಿಸುದ್ದಿಗಳೇ ಬರುತ್ತವೆ, ಕೆಲಸ ಕೆಟ್ಟುಹೋದ ದಿನದವರೆಗೂ. ಬಾಬ್ ಎಬೆಲಿಂಗ್ ಅವರ ಪತ್ರದಲ್ಲಿ ಕೊರತೆಯೇನೂ ಇರಲಿಲ್ಲ. ಅದನ್ನು ಓದಿ ಎದ್ದು ನಿಂತವರು ಇರಲಿಲ್ಲ.

ಈ ಅಭ್ಯಾಸವು ಮನೆಯಿಂದಲೇ ಆರಂಭವಾಗಬೇಕು. ಪರೀಕ್ಷೆ ಸಮೀಪಿಸಿದಾಗ ಮಗುವಿನೊಡನೆ "ಎಷ್ಟು ಓದಿದೆ?" ಎಂದು ಕೇಳಿದರೆ "ಬಹುತೇಕ ಮುಗಿಯಿತು" ಎಂಬ ಉತ್ತರವೇ ಬರುತ್ತದೆ. "ಯಾವ ಪಾಠ ಉಳಿದಿದೆ? ಯಾವುದು ಅರ್ಥವಾಗಿಲ್ಲ? ನಮ್ಮಿಂದ ಏನಾದರೂ ಆಗಬೇಕೇ?" ಎಂದು ಶಾಂತವಾಗಿ ಕೇಳಿ, ಬಂದ ಉತ್ತರಕ್ಕೆ ಗದರದಿದ್ದರೆ, ಆ ಮಗು ದೊಡ್ಡದಾಗಿ ಯಾವ ಕಂಪನಿಯಲ್ಲಿ, ಯಾವ ಸಮಿತಿಯಲ್ಲಿ ಕುಳಿತರೂ ಇರುವುದನ್ನು ಇರುವಂತೆಯೇ ಬರೆಯಲು ಅಂಜುವುದಿಲ್ಲ.